ಮಿಸಿಸಿಪ್ಪಿಯ ಜೇಬಿನ ಲೆಕ್ಕ

ಯುರೋಪಿನವರಿಗೆ ತಮ್ಮ ದೇಶದ ಆರ್ಥಿಕತೆಯ ಮೇಲೆ ಸಿಟ್ಟು ಬಂದಾಗಲೆಲ್ಲ ಅಮೆರಿಕದ ಮಿಸಿಸಿಪ್ಪಿ ರಾಜ್ಯ ನೆನಪಾಗುತ್ತದೆ. 2014ರಲ್ಲಿ ಬ್ರಿಟನ್ನಿನ ‘ಸ್ಪೆಕ್ಟೇಟರ್’ ವಾರಪತ್ರಿಕೆಯ ಸಂಪಾದಕರಾಗಿದ್ದ ಫ್ರೇಸರ್ ನೆಲ್ಸನ್ ಒಂದು ಲೆಕ್ಕ ಹಾಕಿ ತೋರಿಸಿದರು. ಬ್ರಿಟನ್ ಏನಾದರೂ ಅಮೆರಿಕದ ಒಂದು ರಾಜ್ಯವಾಗಿದ್ದಿದ್ದರೆ ಅದು ಸಿರಿತನದಲ್ಲಿ ಕೊನೆಯಿಂದ ಎರಡನೆಯದಾಗಿರುತ್ತಿತ್ತು, ಅದಕ್ಕಿಂತ ಕೆಳಗೆ ಇರುತ್ತಿದ್ದದ್ದು ಮಿಸಿಸಿಪ್ಪಿ ಮಾತ್ರ ಎಂದು. ಆಮೇಲೆ ಈ ಆಟ ನಿಲ್ಲಲೇ ಇಲ್ಲ. ಜರ್ಮನಿ, ಫ್ರಾನ್ಸ್, ಜಪಾನ್ ಎಲ್ಲವನ್ನೂ ತಂದು ಮಿಸಿಸಿಪ್ಪಿಯ ಪಕ್ಕದಲ್ಲಿ ನಿಲ್ಲಿಸಿ ಎತ್ತರ ನೋಡುವುದು ಅಲ್ಲಿನ ಪತ್ರಿಕೆಗಳಿಗೆ ಒಂದು ರೂಢಿಯಾಗಿಬಿಟ್ಟಿದೆ. ಅಮೆರಿಕದ ಅತಿ ಬಡ ರಾಜ್ಯವೂ ನಮಗೆ ಸಮಸಮ, ಅಥವಾ ಒಂದು ಕೈ ಮೇಲು ಎಂಬ ಗೋಳು. ಅದೇ ಮಿಸಿಸಿಪ್ಪಿಯಲ್ಲಿ 2021ರಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯುಸ್ಸು 71 ವರ್ಷದ ಆಸುಪಾಸು, ಬ್ರಿಟನ್ನಿನಲ್ಲಿ 80 ದಾಟುತ್ತದೆ ಎಂಬುದನ್ನು ಆ ಲೇಖನಗಳ ಕೊನೆಯ ಪ್ಯಾರಾದಲ್ಲಿ ಯಾರೋ ಒಬ್ಬರು ನೆನಪಿಸುತ್ತಾರೆ. ಇಷ್ಟೊಂದು ಹಣವಿದ್ದೂ ಹೀಗೇಕೆ ಎಂದು ಕೇಳುವ ಹೊತ್ತಿಗೆ ಲೇಖನ ಮುಗಿದಿರುತ್ತದೆ.

ಆ ಹೋಲಿಕೆಯಲ್ಲಿ ಬಳಸುವುದು ತಲಾ ಜಿಡಿಪಿ. ಒಂದು ರಾಜ್ಯದ ಗಡಿಯೊಳಗೆ ವರ್ಷದಲ್ಲಿ ಎಷ್ಟು ಮೌಲ್ಯದ ಸರಕು ಸೇವೆ ಉತ್ಪಾದನೆಯಾಯಿತು ಎಂಬುದನ್ನು ತಲೆಗೆ ಹಂಚಿದ ಅಂಕಿ. ನಮ್ಮಲ್ಲಿ ಬಜೆಟ್ಟಿನ ಹೊತ್ತಿಗೆ ‘ಕರ್ನಾಟಕದ ತಲಾ ಆದಾಯ’ ಎಂದು ಓದುವುದೂ ಬಹುಮಟ್ಟಿಗೆ ಇದೇ ಜಾತಿಯದು, ರಾಜ್ಯದ ನಿವ್ವಳ ಉತ್ಪನ್ನವನ್ನು ಜನಸಂಖ್ಯೆಯಿಂದ ಭಾಗಿಸಿದ್ದು. ಬೆಂಗಳೂರಿನ ಒಂದು ಕಂಪನಿಯ ಲಾಭ ಮುಂಬೈಯ ಷೇರುದಾರರ ಖಾತೆಗೆ ಹೋದರೂ ಅದು ಕರ್ನಾಟಕದವರ ‘ತಲಾ ಆದಾಯ’ದಲ್ಲಿ ಸೇರಿರುತ್ತದೆ. ಅಮೆರಿಕದವರು ಇದರ ಜೊತೆಗೆ ಇನ್ನೊಂದು ಲೆಕ್ಕವನ್ನೂ ಇಡುತ್ತಾರೆ. ಹಣ ಎಲ್ಲಿ ಹುಟ್ಟಿತು ಎನ್ನುವುದನ್ನು ಬಿಟ್ಟು, ಅದು ಯಾರ ಕೈ ಸೇರಿತು, ಆ ಕೈಯವರ ಮನೆ ಯಾವ ರಾಜ್ಯದಲ್ಲಿದೆ ಎಂದು ನೋಡುವ ಲೆಕ್ಕ. ಹೆಸರು ‘ಪರ್ಸನಲ್ ಇನ್‌ಕಮ್’, ವೈಯಕ್ತಿಕ ಆದಾಯ. ವಾಣಿಜ್ಯ ಇಲಾಖೆಯ ಬ್ಯೂರೋ ಆಫ್ ಎಕನಾಮಿಕ್ ಅನಾಲಿಸಿಸ್ ಎಂಬ ಕಚೇರಿ ಇದನ್ನು ರಾಜ್ಯವಾರು, ಕೌಂಟಿವಾರು (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಪ್ರಕಟಿಸುತ್ತದೆ. ರಾಜ್ಯಗಳ ಅಂಕಿಗಳು 1929ರಿಂದ ಸಿಗುತ್ತವೆ. ಮಿಸಿಸಿಪ್ಪಿಯ ಜೇಬಿನಲ್ಲಿ ಏನಿದೆ ಎಂದು ತಿಳಿಯಲು ಇದೇ ಸರಿಯಾದ ಕಡತ.

ಕೆರೆಗೆ ಮೂರು ಕಾಲುವೆ ಬಂದು ಸೇರುವ ಹಾಗೆ ಈ ಆದಾಯಕ್ಕೆ ಮೂರು ಮೂಲ. ಮೊದಲನೆಯದು ಗಳಿಕೆ: ಸಂಬಳ, ಕೂಲಿ, ಮಾಲೀಕರು ನೌಕರರ ಹೆಸರಿನಲ್ಲಿ ಕಟ್ಟುವ ಪಿಂಚಣಿ ಮತ್ತು ಆರೋಗ್ಯ ವಿಮೆಯ ಕಂತು, ಜೊತೆಗೆ ಸ್ವಂತ ವ್ಯಾಪಾರ ಮಾಡುವವರ ಮತ್ತು ರೈತರ ಲಾಭ. (ಮೀರಾ ನಾಯರ್ 1991ರ ‘ಮಿಸಿಸಿಪ್ಪಿ ಮಸಾಲಾ’ ಚಿತ್ರದಲ್ಲಿ ಗ್ರೀನ್‌ವುಡ್ ಊರಿನ ಮೋಟೆಲುಗಳ ಭಾರತೀಯರನ್ನು ತೋರಿಸಿದ್ದಾರಲ್ಲ, ಅಂಥ ಮಾಲೀಕರ ಲಾಭ ಈ ಕೊನೆಯ ಬಾಬಿಗೆ ಸೇರುತ್ತದೆ.) ಎರಡನೆಯದು ಆಸ್ತಿಯಿಂದ ಬರುವುದು: ಬಡ್ಡಿ, ಡಿವಿಡೆಂಡ್, ಬಾಡಿಗೆ. ಮೂರನೆಯದು ಸರ್ಕಾರದಿಂದ ಬರುವುದು: ಮುಪ್ಪಿನವರ ಸೋಷಿಯಲ್ ಸೆಕ್ಯುರಿಟಿ, ವೃದ್ಧರ ಚಿಕಿತ್ಸೆಯ ಮೆಡಿಕೇರ್, ಬಡವರ ಚಿಕಿತ್ಸೆಯ ಮೆಡಿಕೇಯ್ಡ್, ನಿರುದ್ಯೋಗ ಭತ್ಯೆ, ಆಹಾರದ ನೆರವು, ಮಾಜಿ ಸೈನಿಕರ ಭತ್ಯೆ ಇತ್ಯಾದಿ.

ಈ ಲೆಕ್ಕದಲ್ಲಿ ಕೆಲವು ವಿಚಿತ್ರಗಳಿವೆ. ಬಡವಳೊಬ್ಬಳು ಹತ್ತು ದಿನ ಆಸ್ಪತ್ರೆಯಲ್ಲಿ ಮಲಗಿ, ಸರ್ಕಾರ ಅವಳ ಬಿಲ್ಲನ್ನು ಮೆಡಿಕೇಯ್ಡ್ ಮೂಲಕ ಆಸ್ಪತ್ರೆಗೆ ಕಟ್ಟಿದರೆ ಆ ಮೊತ್ತ ಅವಳ ಕಡೆಯ ಆದಾಯವೆಂದೇ ಲೆಕ್ಕ. ಅವಳು ಅದರ ಒಂದು ನೋಟನ್ನೂ ಕಂಡಿರುವುದಿಲ್ಲ. ಕಾಯಿಲೆ ಹೆಚ್ಚಿದಷ್ಟೂ ರಾಜ್ಯದ ‘ವೈಯಕ್ತಿಕ ಆದಾಯ’ ಹೆಚ್ಚುತ್ತದೆ. ಇತ್ತ ಷೇರು ಮಾರಿ ಲಕ್ಷಗಟ್ಟಲೆ ಲಾಭ ಮಾಡಿಕೊಂಡವನ ಆ ಲಾಭ ಇಲ್ಲಿ ಬರುವುದೇ ಇಲ್ಲ, ಅದು ಆಸ್ತಿಯ ಬೆಲೆ ಏರಿದ್ದು, ಆದಾಯವಲ್ಲ ಎಂಬ ನಿಯಮ. ಇನ್ನು ಭಾಗಿಸುವಾಗ ತೊಟ್ಟಿಲ ಕೂಸು, ಜೈಲಿನ ಕೈದಿ ಎಲ್ಲರೂ ಒಂದೊಂದು ತಲೆ.

ಈಗ ಅಂಕಿಗೆ ಬರೋಣ. 2023ರಲ್ಲಿ ಮಿಸಿಸಿಪ್ಪಿಯ ತಲಾ ವೈಯಕ್ತಿಕ ಆದಾಯ ಸುಮಾರು 50 ಸಾವಿರ ಡಾಲರ್ ಇತ್ತು, ಇಡೀ ಅಮೆರಿಕದ್ದು ಸುಮಾರು 70 ಸಾವಿರ. ಐವತ್ತು ರಾಜ್ಯಗಳಲ್ಲಿ ಕೊನೆಯ ಸ್ಥಾನ, ಅದೂ ಹೊಸದೇನಲ್ಲ. 1929ರಲ್ಲಿ ಮಿಸಿಸಿಪ್ಪಿಯವರ ಆದಾಯ ದೇಶದ ಸರಾಸರಿಯ ಐದರಲ್ಲಿ ಎರಡು ಪಾಲಿನಷ್ಟಿತ್ತು. ಎರಡನೇ ಮಹಾಯುದ್ಧದಿಂದ 1970ರ ದಶಕದವರೆಗೆ ಅದು ಒಂದೇ ಸಮನೆ ಮೇಲೇರಿ ನೂರಕ್ಕೆ 70ರ ಹತ್ತಿರ ಬಂತು. ಬಂದು ಅಲ್ಲೇ ಕೂತಿತು. ಅರ್ಧ ಶತಮಾನದಲ್ಲಿ ಕಾರ್ಖಾನೆ, ಕ್ಯಾಸಿನೊ, ಕಂಪ್ಯೂಟರ್ ಏನೆಲ್ಲ ಬಂದರೂ ಆ 70 ಸ್ವಲ್ಪ ಆಚೆ ಈಚೆ ಆಡಿತೇ ಹೊರತು ಜಾಗ ಬಿಟ್ಟು ಏಳಲಿಲ್ಲ. ಸರಾಸರಿಯನ್ನು ನಂಬದವರಿಗೆ ಇನ್ನೊಂದು ಅಳತೆ ಇದೆ, ಸಾಲಿನಲ್ಲಿ ನಿಲ್ಲಿಸಿದರೆ ಸರಿಯಾಗಿ ನಡುವೆ ಬರುವ ಮನೆಯ ಆದಾಯ. ಜನಗಣತಿ ಇಲಾಖೆಯ 2023ರ ಸಮೀಕ್ಷೆಯಲ್ಲಿ ಅದು ಮಿಸಿಸಿಪ್ಪಿಯಲ್ಲಿ 54 ಸಾವಿರ, ದೇಶದಲ್ಲಿ 77 ಸಾವಿರಕ್ಕೂ ಹೆಚ್ಚು. ಇಲ್ಲಿಯೂ ಅದೇ ನೂರಕ್ಕೆ 70!

ಇದಕ್ಕೆ ಸಿದ್ಧ ಉತ್ತರವೊಂದಿದೆ: ಅಲ್ಲಿ ಎಲ್ಲವೂ ಅಗ್ಗ. ಸುಳ್ಳೇನಲ್ಲ. ದೇಶದ ಬೆಲೆಮಟ್ಟ 100 ಎಂದಿಟ್ಟುಕೊಂಡರೆ ಮಿಸಿಸಿಪ್ಪಿಯದ್ದು 87ರ ಆಸುಪಾಸು. ಅದನ್ನು ಸರಿದೂಗಿಸಿದರೆ 70 ಎಂಬುದು 80ಕ್ಕೆ ಏರುತ್ತದೆ. ಆದರೆ ಅಗ್ಗವಾಗಿರುವುದು ಮುಖ್ಯವಾಗಿ ಮನೆ ಬಾಡಿಗೆ. ಕಾರು, ಪೆಟ್ರೋಲು, ಔಷಧಿ, ಮೊಬೈಲ್ ಬಿಲ್ಲು ಬಡ ರಾಜ್ಯವೆಂದು ರಿಯಾಯಿತಿ ಕೊಡುವುದಿಲ್ಲ. ಬಸ್ಸಿಲ್ಲದ ಹಳ್ಳಿಗಾಡಿನಲ್ಲಿ ಕಾರಿಲ್ಲದೆ ಕೆಲಸವೂ ಇಲ್ಲ.

ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಆ 50 ಸಾವಿರದ ಒಳಗಿನ ಪಾಲು. ಅದರಲ್ಲಿ ಸುಮಾರು ಕಾಲು ಭಾಗ ಬರುವುದು ಮೂರನೆಯ ಕಾಲುವೆಯಿಂದ, ಸರ್ಕಾರದಿಂದ. ದೇಶದ ಮಟ್ಟದಲ್ಲಿ ಈ ಪಾಲು ಐದನೇ ಒಂದಕ್ಕಿಂತ ಕಡಿಮೆ. ಈ ವಿಷಯದಲ್ಲಿ ಮಿಸಿಸಿಪ್ಪಿಗೆ ಸಾಟಿ ವೆಸ್ಟ್ ವರ್ಜೀನಿಯಾ. ಹೀಗೆಂದ ಕೂಡಲೇ ಕೆಲವರ ಕಣ್ಣ ಮುಂದೆ ಸರ್ಕಾರದ ಚೆಕ್ಕಿಗಾಗಿ ಕಾದು ಕೂತ ಸೋಮಾರಿಯ ಚಿತ್ರ ಬರುತ್ತದೆ. ಲೆಕ್ಕ ಬಿಡಿಸಿದರೆ ಅವನು ಎಲ್ಲೂ ಸಿಗುವುದಿಲ್ಲ. ಈ ಕಾಲು ಭಾಗದ ಸಿಂಹಪಾಲು ವೃದ್ಧರ ಪಿಂಚಣಿ ಮತ್ತು ರೋಗಿಗಳ ಚಿಕಿತ್ಸೆಯದ್ದು. ಮಕ್ಕಳಿರುವ ಬಡ ಕುಟುಂಬಕ್ಕೆ ಕೈಗೆ ನಗದು ಕೊಡುವ ಯೋಜನೆ ಇದೆ. ಮೂವರಿರುವ ಮನೆಗೆ ಅದರಿಂದ ಸಿಗುತ್ತಿದ್ದದ್ದು ತಿಂಗಳಿಗೆ ಹೆಚ್ಚೆಂದರೆ 170 ಡಾಲರ್, 2021ರಲ್ಲಿ ಅದನ್ನು 260ಕ್ಕೆ ಏರಿಸಿದರು. ಇದೇ ಯೋಜನೆಯ ಹಣದಲ್ಲಿ 7.7 ಕೋಟಿ ಡಾಲರಿನಷ್ಟು ದಾರಿ ತಪ್ಪಿದೆ ಎಂದು ರಾಜ್ಯದ ಲೆಕ್ಕಪರಿಶೋಧಕರು ಹೇಳಿದ್ದಾರೆ. ಬಡವರ ಹೆಸರಿನ ದುಡ್ಡು ವಿಶ್ವವಿದ್ಯಾಲಯವೊಂದರ ವಾಲಿಬಾಲ್ ಕ್ರೀಡಾಂಗಣಕ್ಕೂ ಹೋಯಿತು. ಸೋಮಾರಿಗಳನ್ನು ಹುಡುಕುವವರು ಅಲ್ಲಿಂದ ಶುರು ಮಾಡಬಹುದು.

ಆದಾಯ ಬೇರೆ, ಗಳಿಕೆ ಬೇರೆ ಎಂಬುದು ಕಣ್ಣಿಗೆ ಹೊಡೆದಂತೆ ಕಂಡದ್ದು 2020ರಲ್ಲಿ. ಕೊರೊನಾ ಬಂದು ಕ್ಯಾಸಿನೊ, ಹೋಟೆಲು, ಅಂಗಡಿಗಳು ಬಾಗಿಲು ಹಾಕಿದವು, ಕೆಲಸ ಹೋಯಿತು. ಆದರೆ ಆ ವರ್ಷ ಮಿಸಿಸಿಪ್ಪಿಯ ವೈಯಕ್ತಿಕ ಆದಾಯ ಏರಿತು. ವಾಷಿಂಗ್ಟನ್ನಿನಿಂದ ವಯಸ್ಕರಿಗೆ ತಲಾ 1,200 ಡಾಲರಿನವರೆಗಿನ ಚೆಕ್ಕು ಬಂತು, ನಿರುದ್ಯೋಗ ಭತ್ಯೆ ಹೆಚ್ಚಾಯಿತು. ಕೆಲವು ಮನೆಗಳಿಗೆ ದುಡಿದಾಗ ಬರುತ್ತಿದ್ದುದಕ್ಕಿಂತ ಕೆಲಸ ಕಳೆದುಕೊಂಡಾಗ ಬಂದದ್ದೇ ಹೆಚ್ಚು. ಭತ್ಯೆ ದೊಡ್ಡದೆಂದು ಆಗ ಬಹಳ ಮಂದಿ ಗೊಣಗಿದರು. ದುಡಿಮೆಯ ಸಂಬಳ ಎಷ್ಟು ಸಣ್ಣದಿತ್ತು ಎಂದು ಕೇಳಿದವರು ಕಡಿಮೆ.

ಸಂಬಳ ಸಣ್ಣದಾದದ್ದು ತಾನಾಗಿಯೇ ಅಲ್ಲ. ಅದಕ್ಕೊಂದು ಚರಿತ್ರೆ ಇದೆ, ಅದರಲ್ಲಿ ಸರ್ಕಾರದ ಕೈಯೂ ಇದೆ.

ಮಿಸಿಸಿಪ್ಪಿಯ ವಾಯವ್ಯಕ್ಕೆ, ಮಿಸಿಸಿಪ್ಪಿ ಮತ್ತು ಯಾಜೂ ನದಿಗಳ ನಡುವೆ, ‘ಡೆಲ್ಟಾ’ ಎಂದು ಕರೆಯುವ ಕಪ್ಪು ಮಣ್ಣಿನ ಬಯಲಿದೆ. ಗುಲಾಮಗಿರಿ ಹೋದ ಮೇಲೆ ಅಲ್ಲಿ ಬಂದದ್ದು ಕೋರು ಬೇಸಾಯ. ಹೊಲ ದಣಿಯದು, ಬೆವರು ಒಕ್ಕಲಿನದು, ಹತ್ತಿ ಅರ್ಧರ್ಧ. ಬಿತ್ತನೆಯಿಂದ ಕೊಯ್ಲಿನವರೆಗೆ ಹಿಟ್ಟು, ಉಪ್ಪು, ಬಟ್ಟೆ ಎಲ್ಲ ದಣಿಯ ಅಂಗಡಿಯಿಂದ ಸಾಲ. ವರ್ಷದ ಕೊನೆಯಲ್ಲಿ ‘ಸೆಟ್ಲ್’ ಎಂಬ ಲೆಕ್ಕ ತೀರಿಸುವ ದಿನ. ಲೆಕ್ಕದ ಪುಸ್ತಕವೂ ದಣಿಯ ಬಳಿಯೇ ಇರುವುದರಿಂದ ಹೆಚ್ಚಿನವರಿಗೆ ಕೈಗೆ ಬರುತ್ತಿದ್ದದ್ದು ಮುಂದಿನ ವರ್ಷದ ಸಾಲ. ಮತದಾನದ ಹಕ್ಕಿಗಾಗಿ ಹೋರಾಡಿದ ಫ್ಯಾನಿ ಲೂ ಹೇಮರ್ ಇಂಥ ಮನೆಯ ಇಪ್ಪತ್ತು ಮಕ್ಕಳಲ್ಲಿ ಕೊನೆಯವರು, ಆರನೇ ವಯಸ್ಸಿಗೆ ಹತ್ತಿ ಬಿಡಿಸಲು ಹೊಲಕ್ಕಿಳಿದವರು. 1962ರಲ್ಲಿ ಮತದಾರರ ಪಟ್ಟಿಗೆ ಹೆಸರು ಹಚ್ಚಲು ಹೋದ ತಪ್ಪಿಗೆ ತೋಟದಿಂದಲೇ ಹೊರಬಿದ್ದರು.

1936ರಲ್ಲಿ ಗವರ್ನರ್ ಹ್ಯೂ ವೈಟ್ ಒಂದು ಯೋಜನೆ ತಂದರು. ಬರಿಯ ಬೇಸಾಯವನ್ನು ನಂಬಿ ಕೂರದೆ ಉದ್ಯಮದೊಂದಿಗೆ ತೂಗಿಸಬೇಕು ಎಂಬುದು ಅದರ ಉದ್ದೇಶ. ಊರಿನವರು ಮತ ಹಾಕಿ ಒಪ್ಪಿದರೆ ಪುರಸಭೆ ಸಾಲಪತ್ರ ಹೊರಡಿಸಿ ಕಾರ್ಖಾನೆಯ ಕಟ್ಟಡ ಕಟ್ಟಿ ಉತ್ತರದ ಕಂಪನಿಗಳಿಗೆ ಕೊಡಬಹುದು. ಇಂದು ಅಮೆರಿಕದ ರಾಜ್ಯರಾಜ್ಯಗಳು ಕಾರ್ಖಾನೆಗಾಗಿ ಪೈಪೋಟಿಯಲ್ಲಿ ಕೊಡುವ ರಿಯಾಯಿತಿಗಳಿಗೆಲ್ಲ ಮೇಲ್ಪಂಕ್ತಿ ಇದೇ. ಪ್ಯಾಸ್ಕಗೂಲಾದ ಇಂಗಲ್ಸ್ ಹಡಗುಕಟ್ಟೆ ಬಂದದ್ದು ಈ ಯೋಜನೆಯಲ್ಲಿ. ಇಂದಿಗೂ ರಾಜ್ಯದ ಅತಿ ದೊಡ್ಡ ಕಾರ್ಖಾನೆ ಅದು, ಸಾವಿರಾರು ಮಂದಿಗೆ ಒಳ್ಳೆಯ ಸಂಬಳ ಕೊಟ್ಟಿದೆ. ಉಳಿದವು ಹೆಚ್ಚಾಗಿ ಕಾಲುಚೀಲ, ಅಂಗಿ ಹೊಲಿಯುವ ಕಾರ್ಖಾನೆಗಳು. ಕೆಲಸವೂ ಬಹುಪಾಲು ಬಿಳಿಯರಿಗೇ. ಆ ಕಂಪನಿಗಳಿಗೆ ಮಿಸಿಸಿಪ್ಪಿ ಮುಂದೆ ಮಾಡಿದ ಸರಕು ಅಗ್ಗದ ಕೂಲಿ, ಸಂಘ ಕಟ್ಟದ ಕೆಲಸಗಾರ. ಅಗ್ಗವನ್ನು ಮಾರುವ ರಾಜ್ಯಕ್ಕೆ ಕೂಲಿ ಏರುವುದು ನಷ್ಟದ ಬಾಬು. 1954ರಲ್ಲಿ ಬಂದ ಕಾನೂನು, ಕಾರ್ಮಿಕ ಸಂಘಕ್ಕೆ ಚಂದಾ ಕಟ್ಟಬೇಕೆಂದು ಯಾರನ್ನೂ ಒತ್ತಾಯಿಸುವಂತಿಲ್ಲ ಎಂದಿತು. 1960ರಲ್ಲಿ ಅದನ್ನು ರಾಜ್ಯದ ಸಂವಿಧಾನಕ್ಕೇ ಸೇರಿಸಿದರು.

ಹೊಲದ ಕಡೆ ಯಂತ್ರ ಬಂತು. 1944ರ ಅಕ್ಟೋಬರ್ 2ರಂದು ಕ್ಲಾರ್ಕ್ಸ್‌ಡೇಲ್ ಬಳಿಯ ಹಾಪ್ಸನ್ ತೋಟದಲ್ಲಿ ಹತ್ತಿ ಬಿಡಿಸುವ ಕೆಂಪು ಯಂತ್ರಗಳ ಪ್ರದರ್ಶನ ನಡೆಯಿತು, ನೋಡಲು ಜನಜಾತ್ರೆ. ಒಂದು ಯಂತ್ರ ಐವತ್ತು ಜನರ ಕೆಲಸ ಮಾಡಿತು. ತೋಟದ ಮಾಲೀಕ ಹಾಪ್ಸನ್ ಇಟ್ಟ ಲೆಕ್ಕದ ಪ್ರಕಾರ ಒಂದು ಬೇಲ್ ಹತ್ತಿ ಬಿಡಿಸಲು ಕೈಯಿಂದಾದರೆ 39 ಡಾಲರ್ ಚಿಲ್ಲರೆ, ಯಂತ್ರದಿಂದ 5 ಡಾಲರ್ ಚಿಲ್ಲರೆ. ಇಲಿನಾಯ್ ಸೆಂಟ್ರಲ್ ರೈಲು ಹತ್ತಿ ಶಿಕಾಗೊ ಸೇರಿದವರ ಸಾಲು ಅಲ್ಲಿಂದ ಇನ್ನೂ ಉದ್ದವಾಯಿತು. ಸರಾಸರಿ ಆದಾಯ ಏರಿದ ಆ ದಶಕಗಳ ಬಗ್ಗೆ ಮಾತಾಡುವಾಗ ಇದನ್ನೂ ನೆನೆಯಬೇಕು. ಅತಿ ಬಡವರು ಊರು ಬಿಟ್ಟರೂ ಉಳಿದವರ ಸರಾಸರಿ ಏರುತ್ತದೆ.

ಉಳಿದವರ ಕಥೆ 1965ಕ್ಕೆ ಬರುತ್ತದೆ. ಷಾ ಎಂಬ ಸಣ್ಣ ಊರಿನಲ್ಲಿ ಹೊಲದ ಕೂಲಿಗಳು ಸಂಘ ಕಟ್ಟಿ ಮುಷ್ಕರ ಹೂಡಿದರು. ಹತ್ತಿ ಹೊಲದ ಕಳೆ ತೆಗೆಯಲು ಬೆಳಗಿನಿಂದ ಸಂಜೆಯವರೆಗೆ ದುಡಿದರೆ ದಿನಕ್ಕೆ 3 ಡಾಲರ್. ಅವರು ಕೇಳಿದ್ದು ಗಂಟೆಗೆ 1.25 ಡಾಲರ್, ಬೇರೆ ಕೆಲಸಗಳಿಗೆ ದೇಶದ ಕಾನೂನೇ ಗೊತ್ತು ಮಾಡಿದ್ದ ಕನಿಷ್ಠ ಕೂಲಿ. 1938ರ ಕನಿಷ್ಠ ಕೂಲಿ ಕಾನೂನು ಹೊಲದ ಆಳುಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತ್ತು. ದಕ್ಷಿಣದಲ್ಲಿ ಈ ಎರಡೂ ಕೆಲಸದಲ್ಲಿ ಇದ್ದವರು ಬಹುಪಾಲು ಕಪ್ಪು ಜನ. ಮುಷ್ಕರ ಹೂಡಿದವರನ್ನು ದಣಿಗಳು ಮನೆಯಿಂದ ಎಬ್ಬಿಸಿದರು. ಟ್ರಿಬೆಟ್ ಎಂಬಲ್ಲಿ ಅವರು ಡೇರೆ ಹಾಕಿಕೊಂಡು ಅದಕ್ಕೆ ‘ಸ್ಟ್ರೈಕ್ ಸಿಟಿ’ ಎಂದು ಹೆಸರಿಟ್ಟರು. 1967ರ ಫೆಬ್ರವರಿಯಿಂದ ದೊಡ್ಡ ತೋಟಗಳ ಕೂಲಿಗಳಿಗೂ ಗಂಟೆಗೆ ಒಂದು ಡಾಲರ್ ಕಡ್ಡಾಯವಾಯಿತು. ದಣಿಗಳು ಏನು ಮಾಡಿದರು? ಕಳೆನಾಶಕ ಸಿಂಪಡಿಸಿದರು, ಇನ್ನಷ್ಟು ಯಂತ್ರ ಕೊಂಡರು. ಕೂಲಿ ಕಾನೂನುಬದ್ಧವಾದ ಹೊತ್ತಿಗೆ ಕೂಲಿ ಕೆಲಸವೇ ಇರಲಿಲ್ಲ. ಅದೇ ಏಪ್ರಿಲಿನಲ್ಲಿ ಸೆನೆಟರ್ ರಾಬರ್ಟ್ ಕೆನಡಿ ಡೆಲ್ಟಾಕ್ಕೆ ಬಂದು ಹೊಟ್ಟೆಗಿಲ್ಲದ ಮಕ್ಕಳನ್ನು ಕಂಡರು, ದೇಶಕ್ಕೆ ದೇಶವೇ ಬೆಚ್ಚಿಬಿತ್ತು, ಆಹಾರದ ಕೂಪನ್ನುಗಳ ಯೋಜನೆ ಮುಂದಿನ ವರ್ಷಗಳಲ್ಲಿ ಹಿಗ್ಗಿತು. ಮೂರನೆಯ ಕಾಲುವೆಯನ್ನು ಅಗೆದದ್ದು ಮೊದಲನೆಯದು ಬತ್ತಿದ ಜಾಗದಲ್ಲೇ. ಇವೆರಡನ್ನೂ ಬೇರೆ ಬೇರೆ ಇಟ್ಟು, ‘ಸರ್ಕಾರದ ಮೇಲೆ ಬಿದ್ದ ಜನ’ ಎಂದು ಮಾತಾಡುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಹಳೆಯ ಮಾತಾಯಿತು ಎನ್ನುವವರಿಗೆ 2021ರದೊಂದು ಮೊಕದ್ದಮೆ ಇದೆ. ನಮ್ಮ ಸಾಫ್ಟ್‌ವೇರ್ ಹುಡುಗರಿಗೆ ಎಚ್-1ಬಿ ಇರುವ ಹಾಗೆ ಹೊಲದ ಕೆಲಸಕ್ಕೆ ಎಚ್-2ಎ ಎಂಬ ವೀಸಾ ಇದೆ. ಡೆಲ್ಟಾದ ಸನ್‌ಫ್ಲವರ್ ಕೌಂಟಿಯ ಕೃಷಿ ಸಂಸ್ಥೆಯೊಂದು ಅದರ ಮೇಲೆ ದಕ್ಷಿಣ ಆಫ್ರಿಕಾದಿಂದ ಬಿಳಿಯ ಕೆಲಸಗಾರರನ್ನು ಕರೆಸಿ ಗಂಟೆಗೆ 11 ಡಾಲರಿಗೂ ಮೇಲೆ ಕೊಡುತ್ತಿದೆ, ಅದೇ ಟ್ರ್ಯಾಕ್ಟರ್ ಓಡಿಸುವ ಸ್ಥಳೀಯ ಕಪ್ಪು ಕೆಲಸಗಾರರಿಗೆ 7.25 ಕೊಡುತ್ತಿದೆ ಎಂಬುದು ದೂರು. ಮುಂದಿನ ವರ್ಷ ಅದು ರಾಜಿಯಲ್ಲಿ ಮುಗಿಯಿತು. ಹೊರಗಿನಿಂದ ಕರೆಸಿದವರಿಗೆ ಇಷ್ಟು ಕೊಡಲೇಬೇಕೆಂದು ಕೇಂದ್ರದ ನಿಯಮವಿದೆ. ಹೊರಗಿನವರು ಬಂದು ಒಳಗಿನ ಕೂಲಿ ಇಳಿಸಬಾರದು ಎಂಬ ಕಾಳಜಿಯಿಂದ ಮಾಡಿದ ನಿಯಮ ಅದು. ಅದೇ ಕೆಲಸ ಮಾಡುವ ಒಳಗಿನವರಿಗೂ ಅಷ್ಟೇ ಕೊಡಬೇಕೆಂದೂ ಆ ನಿಯಮ ಹೇಳುತ್ತದೆ, ಹಾಗೆ ಕೊಡಲಿಲ್ಲ ಎಂಬುದೇ ತಕರಾರು.

ಆ 7.25 ಡಾಲರ್ ಇಡೀ ದೇಶಕ್ಕೆ 2009ರ ಜುಲೈಯಲ್ಲಿ ನಿಗದಿಯಾದ ಕನಿಷ್ಠ ಕೂಲಿ. ಹಲವು ರಾಜ್ಯಗಳು ತಮ್ಮದೇ ಕಾನೂನು ಮಾಡಿ ಅದನ್ನು ಎರಡರಷ್ಟಕ್ಕೆ ಒಯ್ದಿವೆ. ಮಿಸಿಸಿಪ್ಪಿ ತನ್ನದೆಂಬ ಕನಿಷ್ಠ ಕೂಲಿ ಕಾನೂನನ್ನೇ ಮಾಡಿಲ್ಲ. ಅಂಥ ಐದು ರಾಜ್ಯಗಳಿವೆ, ಐದೂ ದಕ್ಷಿಣದವು. ಟಿಪ್ಸ್ ಸಿಗುವ ಹೋಟೆಲ್ ಕೆಲಸಗಾರರಿಗೆ ಮಾಲೀಕರು ಕೊಡಬೇಕಾದ ಕನಿಷ್ಠ ಗಂಟೆಗೆ 2.13 ಡಾಲರ್, 1991ರಿಂದ ಅದು ಕದಲಿಲ್ಲ. ನಿಜ, ಇಂದು 7.25ಕ್ಕೆ ದುಡಿಯುವವರು ಕಡಿಮೆ, ಕೋಳಿ ಸಂಸ್ಕರಣೆಯ ಕಾರ್ಖಾನೆಗಳೂ ಅದಕ್ಕಿಂತ ಹೆಚ್ಚು ಕೊಡುತ್ತವೆ. ಆದರೆ ನೆಲ ತಗ್ಗಿನಲ್ಲಿದ್ದರೆ ಅದರ ಮೇಲೆ ಕಟ್ಟಿದ ಮೆಟ್ಟಿಲುಗಳೂ ತಗ್ಗಿನಲ್ಲೇ ಶುರುವಾಗುತ್ತವೆ. ಕ್ಯಾಂಟನ್ನಿನಲ್ಲಿ 2003ರಲ್ಲಿ ಬಂದ ನಿಸಾನ್ ಕಾರು ಕಾರ್ಖಾನೆ ಸುತ್ತಲಿನ ಕೆಲಸಗಳಿಗಿಂತ ಎಷ್ಟೋ ಉತ್ತಮ ಸಂಬಳ ಕೊಟ್ಟಿತು. 2017ರಲ್ಲಿ ಅಲ್ಲಿ ಕಾರ್ಮಿಕ ಸಂಘ ಬೇಕೋ ಬೇಡವೋ ಎಂದು ಮತ ಹಾಕಿದಾಗ 2,244 ಮಂದಿ ಬೇಡ ಎಂದರು, 1,307 ಮಂದಿ ಬೇಕು ಎಂದರು. ಇರುವ ಒಳ್ಳೆಯ ಕೆಲಸ ಕೈಬಿಟ್ಟರೆ ಗತಿ ಏನೆಂಬ ಭಯ ಸುತ್ತಲಿನ ಊರುಗಳನ್ನು ನೋಡಿದರೆ ಅರ್ಥವಾಗುವಂಥದ್ದೇ.

ನಿರುದ್ಯೋಗದ ಅಂಕಿ ನೋಡಿದರೆ ಮಿಸಿಸಿಪ್ಪಿ ಚೆನ್ನಾಗಿದೆ, 2024ರಲ್ಲಿ ನೂರಕ್ಕೆ 3ರ ಆಸುಪಾಸಿಗೆ ಇಳಿದಿತ್ತು. ಆ ಲೆಕ್ಕದಲ್ಲಿ ಬರುವವರು ಕೆಲಸ ಹುಡುಕುತ್ತಿರುವವರು ಮಾತ್ರ. ಬೆನ್ನುಮೂಳೆ ಸವೆದು ಮನೆಯಲ್ಲಿ ಕೂತವರು, ಮುದಿ ತಾಯಿಯನ್ನು ನೋಡಿಕೊಳ್ಳುವ ಮಗಳು, ಹತ್ತಿರದಲ್ಲಿ ಕೆಲಸವಿಲ್ಲವೆಂದು ಹುಡುಕುವುದನ್ನೇ ಬಿಟ್ಟವರು ಇದರಲ್ಲಿಲ್ಲ. ವಯಸ್ಕರಲ್ಲಿ ದುಡಿಯುವ ಅಥವಾ ಕೆಲಸ ಹುಡುಕುವವರ ಪಾಲು ದೇಶದಲ್ಲಿ ನೂರಕ್ಕೆ 62 ದಾಟಿದರೆ ಇಲ್ಲಿ 55ರ ಸುತ್ತಮುತ್ತ.

ರಾಜ್ಯದ ಒಳಗೂ ಸರಾಸರಿ ಹಲವು ವೇಷ ಹಾಕುತ್ತದೆ. ರಾಜಧಾನಿ ಜಾಕ್ಸನ್ನಿನ ಉತ್ತರಕ್ಕಿರುವ ಮ್ಯಾಡಿಸನ್ ಕೌಂಟಿ ಅನುಕೂಲಸ್ಥರದ್ದು, ಅದರ ಮಗ್ಗುಲಿಗೇ ಹೋಮ್ಸ್ ಕೌಂಟಿ, ದೇಶದ ಕಡುಬಡ ಕೌಂಟಿಗಳಲ್ಲೊಂದು. ಉತ್ತರದ ಡಿಸೋಟೊ ಕೌಂಟಿಯವರು ದಿನಾ ಗಡಿ ದಾಟಿ ಟೆನೆಸಿಯ ಮೆಂಫಿಸ್‌ಗೆ ಕೆಲಸಕ್ಕೆ ಹೋಗುತ್ತಾರೆ, ಗಳಿಕೆ ಅಲ್ಲಿಯದು, ಆದಾಯ ಇಲ್ಲಿಯದು. ಡೆಲ್ಟಾದ ಇಸಾಕ್ವೀನಾ ಕೌಂಟಿಯಲ್ಲಿ 2020ರ ಗಣತಿಯಂತೆ ಇರುವುದು 1,300 ಚಿಲ್ಲರೆ ಜನ. ಅಂಥಲ್ಲಿ ಸೋಯಾ ಬೆಲೆ ಏರಿದ ವರ್ಷ ಕೆಲವೇ ದೊಡ್ಡ ರೈತರ ಲಾಭ ಎಲ್ಲರ ತಲೆಗೂ ಹಂಚಿಹೋಗಿ ಇಡೀ ಕೌಂಟಿ ಶ್ರೀಮಂತವಾದಂತೆ ಕಾಗದದ ಮೇಲೆ ಕಾಣುತ್ತದೆ. ಇನ್ನು ಡೆಲ್ಟಾದ ಟ್ಯುನಿಕಾ. 1985ರಲ್ಲಿ ಕಪ್ಪು ಜನರ ಹಕ್ಕುಗಳ ಹೋರಾಟಗಾರ ಜೆಸ್ಸಿ ಜಾಕ್ಸನ್ ಅಲ್ಲಿನ ತೆರೆದ ಚರಂಡಿಯ ಕೇರಿಯನ್ನು ಕಂಡು ಅದನ್ನು ಇಥಿಯೋಪಿಯಕ್ಕೆ ಹೋಲಿಸಿದ್ದರು. 1992ರಲ್ಲಿ ಕ್ಯಾಸಿನೊ ಬಂದು ದುಡ್ಡಿನ ಹೊಳೆ ಹರಿಯಿತು, ರಸ್ತೆ, ವಿಮಾನ ನಿಲ್ದಾಣ ಬಂದವು. ಜೂಜಿನ ಮೋಹ ಬೇರೆ ಊರುಗಳಿಗೆ ಹಬ್ಬಿದ ಮೇಲೆ ಹಲವು ಕ್ಯಾಸಿನೊಗಳು ಒಂದೊಂದಾಗಿ ಮುಚ್ಚಿದವು. ಇಡೀ ರಾಜ್ಯದಲ್ಲಿ ಕಪ್ಪು ಜನರು ಮೂರನೇ ಒಂದು ಪಾಲಿಗಿಂತ ಹೆಚ್ಚಿದ್ದಾರೆ, ಅಮೆರಿಕದ ಬೇರೆ ಯಾವ ರಾಜ್ಯದಲ್ಲೂ ಅವರ ಪಾಲು ಇಷ್ಟಿಲ್ಲ. ಅವರಲ್ಲಿ ಸರಿಯಾಗಿ ನಡುವೆ ಬರುವ ಮನೆಯ ಆದಾಯ ಬಿಳಿಯರದರ ಮೂರರಲ್ಲಿ ಎರಡು ಪಾಲನ್ನೂ ಮುಟ್ಟುವುದಿಲ್ಲ.

ಈಗ ರಾಜ್ಯ ಹಿಡಿದಿರುವ ಹೊಸ ದಾರಿ ಆದಾಯ ತೆರಿಗೆಯನ್ನೇ ತೆಗೆದುಹಾಕುವುದು. 2025ರ ಮಾರ್ಚಿನಲ್ಲಿ ಗವರ್ನರ್ ಟೇಟ್ ರೀವ್ಸ್ ಸಹಿ ಹಾಕಿದ ಕಾನೂನಿನಂತೆ ದರ 2026ಕ್ಕೆ ನೂರಕ್ಕೆ 4, 2030ಕ್ಕೆ 3 ಆಗಿ, ಮುಂದೆ ರಾಜ್ಯದ ವರಮಾನ ಬೆಳೆದಂತೆಲ್ಲ ಸೊನ್ನೆಯತ್ತ ಇಳಿಯಬೇಕು. ಇದರ ಹಿಂದೆ ನಗೆಗೀಡಾದ ಪ್ರಸಂಗವೊಂದಿದೆ. ವರಮಾನ ಸಾಕಷ್ಟು ಬೆಳೆದರೆ ಮಾತ್ರ ತೆರಿಗೆ ಇಳಿಯಲಿ ಎಂದು ಸೆನೆಟ್ ಬಿಗಿಯಾದ ಷರತ್ತು ಹಾಕಲು ಹೊರಟಿತ್ತು. ಮಸೂದೆಯಲ್ಲಿ ದಶಮಾಂಶದ ಚುಕ್ಕೆ ತಪ್ಪು ಜಾಗದಲ್ಲಿ ಬಿದ್ದು ಶೇಕಡ 85 ಆಗಬೇಕಾದದ್ದು ಶೇಕಡ 0.85 ಆಯಿತು. ತೆರಿಗೆ ಬೇಗ ಹೋಗಲಿ ಎನ್ನುತ್ತಿದ್ದ ಕೆಳಮನೆ ಬಾಯಿ ಬಿಡದೆ ಅದನ್ನೇ ಒಪ್ಪಿ ಗವರ್ನರರಿಗೆ ಕಳಿಸಿಬಿಟ್ಟಿತು. ಶಾಸನ ಬರೆಯುವವರು ಚುಕ್ಕೆಯನ್ನು ಎರಡು ಸಲ ನೋಡುವುದು ಒಳ್ಳೆಯದು.

ಇದರಿಂದ ಯಾರಿಗೆ ಎಷ್ಟು ಎಂದು ಒಂದೇ ಒಂದು ಲೆಕ್ಕ ಮಾಡಿ ನೋಡಬಹುದು. ಗಂಟೆಗೆ 7.25ರಂತೆ ವಾರಕ್ಕೆ 40 ಗಂಟೆ, ವರ್ಷದ 52 ವಾರವೂ ರಜೆಯಿಲ್ಲದೆ ದುಡಿದವನ ಗಳಿಕೆ 15,080 ಡಾಲರ್. ಒಂಟಿಯಾಗಿರುವವನಿಗೆ ಮಿಸಿಸಿಪ್ಪಿಯ ನಿಯಮಗಳಂತೆ 6,000 ಡಾಲರಿನ ವೈಯಕ್ತಿಕ ವಿನಾಯಿತಿ, 2,300ರ ಸಾಮಾನ್ಯ ಕಡಿತ, ಅದರ ಮೇಲೆ ಮೊದಲ 10,000ಕ್ಕೆ ತೆರಿಗೆಯೇ ಇಲ್ಲ. ಒಟ್ಟು 18,300. ಹಾಗಾಗಿ ಅವನು ಆದಾಯ ತೆರಿಗೆ ಕಟ್ಟುತ್ತಲೇ ಇರಲಿಲ್ಲ, ಅದು ಸೊನ್ನೆಯಾದ ದಿನ ಅವನ ಜೇಬಿಗೆ ಬರುವುದೂ ಸೊನ್ನೆ. ಅದೇ ಕಾನೂನಿನಲ್ಲಿ ದಿನಸಿಯ ಮೇಲಿನ ಮಾರಾಟ ತೆರಿಗೆ ನೂರಕ್ಕೆ 7ರಿಂದ 5ಕ್ಕೆ ಇಳಿದಿದೆ, ಅಷ್ಟು ಲಾಭ ಅವನಿಗೂ ಇದೆ. ಪೆಟ್ರೋಲಿನ ಮೇಲಿನ ತೆರಿಗೆ ಮಾತ್ರ 2025ರಿಂದ ಮೂರು ವರ್ಷಗಳಲ್ಲಿ ಗ್ಯಾಲನ್ನಿಗೆ ಒಟ್ಟು 9 ಸೆಂಟ್ ಏರುತ್ತದೆ. ಬಸ್ಸಿಲ್ಲದ ಡೆಲ್ಟಾದಲ್ಲಿ ಕೆಲಸಕ್ಕೆ ಹೋಗಿಬರಲು ಅವನು ವಾರಕ್ಕೆ ಎಷ್ಟು ಗ್ಯಾಲನ್ ಸುಡುತ್ತಾನೆ ಎಂಬುದರ ಮೇಲೆ ಕೊನೆಯ ಜಮಾಖರ್ಚು ನಿಂತಿದೆ.